ತೆಗೆದಿಟ್ಟ ಎರಡು ಪುಟ

"ಅದು ಆಗಲಿಲ್ಲ ಸರ್, ಅದಕ್ಕೇ ತೆಗೆದೆ."

ಮಂಗಳವಾರ ನಮ್ಮ ಲ್ಯಾಬಿನ ಹುಡುಗನಿಂದ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಡಿಎನ್‌ಎ ಬೇರ್ಪಡಿಸಿದ ಲ್ಯಾಬ್ ನೋಟ್‌ಬುಕ್ಕನ್ನು ಆನ್‌ಲೈನ್‌ಗೆ ಹಾಕುವ ಮೊದಲು ನೋಡಿದರೆ 14ನೇ ಪುಟ ಆದಮೇಲೆ ನೇರ 17. ನಡುವಿನ ಎರಡನ್ನು ತರಿಸಿ ಓದಿದೆ. ಡಿಎನ್‌ಎ ಪರೀಕ್ಷಿಸುವ ಜೆಲ್‌ನ ಸಣ್ಣ ಗುಳಿಯೊಳಗೆ ಬಿಟ್ಟ ಸ್ಯಾಂಪಲ್ ತಳಕ್ಕೆ ಇಳಿಯದೆ ಎಳೆಎಳೆಯಾಗಿ ಮೇಲೆ ತೇಲಿಹೋಗಿದೆ. ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನಲ್ಲೂ ಬ್ಯಾಂಡ್, ಅಂದರೆ ಡಿಎನ್‌ಎ ಇದೆಯೆಂದು ತೋರಿಸುವ ಗೆರೆ, ಇಲ್ಲ. ಕಾರಣ, ತೊಳೆದಾದ ಮೇಲೆ ಕಾಲಮ್‌ನಲ್ಲಿ (ಡಿಎನ್‌ಎ ಹಿಡಿದಿಡುವ ಪುಟ್ಟ ಶೋಧಕದಲ್ಲಿ) ತೊಳೆಯಲು ಬಳಸಿದ ಎಥನಾಲ್ ಉಳಿದುಬಿಟ್ಟಿತ್ತು. ಮರುದಿನ ಕಾಲಮನ್ನು ಹೊಸ ಟ್ಯೂಬಿಗಿಟ್ಟು, ಏನೂ ಹಾಕದೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ 2 ನಿಮಿಷ ಖಾಲಿ ತಿರುಗಿಸಿದ್ದಕ್ಕೆ ಸರಿಹೋಗಿದೆ.

ಆಗಲಿಲ್ಲವಂತೆ! ಇಡೀ ನೋಟ್‌ಬುಕ್ಕಿನಲ್ಲಿ ಬೇರೆಯವರಿಗೆ ಅತಿ ಹೆಚ್ಚು ಬೇಕಾದ ಪುಟಗಳೇ ಅವು. 17ನೇ ಪುಟದಲ್ಲಿರುವುದು "2 ನಿಮಿಷ ಖಾಲಿ ತಿರುಗಿಸಿ" ಅಂತ ಮಾತ್ರ. ಯಾಕೆಂದು ಗೊತ್ತಿಲ್ಲದವರು ಅವಸರದಲ್ಲಿ ಮೊದಲು ಬಿಡುವುದೇ ಆ ಹೆಜ್ಜೆಯನ್ನು.

ಹುಡುಗನ ಮೇಲೆ ಸಿಟ್ಟಿಲ್ಲ, ಅಚ್ಚುಕಟ್ಟಾಗಿ ಕೆಲಸ ಮಾಡುವವನು. ವಾರವಾರ "ರಿಸಲ್ಟ್ ಬಂತಾ?" ಎಂದಷ್ಟೇ ಕೇಳಿ ಅಭ್ಯಾಸ ಮಾಡಿಸಿದವರು ನಾವು. ರಸಾಯನ ವಿಜ್ಞಾನಿ ಜಾನ್‌-ಕ್ಲೋಡ್ ಬ್ರಾಡ್ಲಿ 2006ರಲ್ಲಿ, ಲ್ಯಾಬ್ ನೋಟ್‌ಬುಕ್ಕನ್ನು ಎಲ್ಲರಿಗೂ ತೆರೆದಿಡುವ ಈ ಪದ್ಧತಿಗೆ 'ಓಪನ್ ನೋಟ್‌ಬುಕ್ ಸೈನ್ಸ್' ಎಂದು ಹೆಸರಿಟ್ಟಾಗ, ಕೆಟ್ಟುಹೋದ ಪ್ರಯೋಗವೂ ಅದರಲ್ಲಿ ಸೇರಿತ್ತು.

ಉಳಿದ ಪುಟಗಳಲ್ಲೂ ಕೊರತೆಯಿತ್ತು. ಸೆಂಟ್ರಿಫ್ಯೂಜಿನ ವೇಗವನ್ನು "12,000 ಆರ್‌ಪಿಎಂ" (ನಿಮಿಷಕ್ಕೆ ಸುತ್ತು) ಎಂದು ಬರೆದಿದ್ದ. ಟ್ಯೂಬುಗಳನ್ನು ಹಿಡಿದು ತಿರುಗುವ ರೋಟರಿನ ತ್ರಿಜ್ಯ 8 ಸೆಂ.ಮೀ. ಇದ್ದರೆ ಅದು ಸುಮಾರು 12,900 ಜಿ (ಗುರುತ್ವದ ಅಷ್ಟು ಪಟ್ಟು ಬಲ), 10 ಸೆಂ.ಮೀ. ಇದ್ದರೆ 16,100 ಜಿ. ಇನ್ನೊಂದು ಲ್ಯಾಬಿನವರು ಯಾವುದನ್ನು ಹಿಡಿಯಬೇಕು? ಜಿ ಲೆಕ್ಕದಲ್ಲೇ ಬರೆಯಬೇಕು. ಅಂಕಿಅಂಶ ಎಕ್ಸೆಲ್‌ನಲ್ಲಿತ್ತು, SEPT2 ಎಂಬ ಜೀನ್ ಸೆಪ್ಟೆಂಬರ್ 2 ಆಗಿ ಕೂತಿತ್ತು. ಈ ಕಾಟಕ್ಕೇ 2020ರಲ್ಲಿ ಇಂಥ ಜೀನ್‌ಗಳ ಹೆಸರನ್ನೇ ಬದಲಿಸಿದ್ದು ಪ್ರಕಟವಾಯಿತು. ಜೀನ್ ಹೆಸರಿರುವ ಅಂಕಣವನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿ, ಯಾವ ತಂತ್ರಾಂಶದಲ್ಲೂ ತೆರೆಯುವ ಸರಳ ಪಠ್ಯದ ಸಿಎಸ್‌ವಿ ಫೈಲಾಗಿ ಉಳಿಸಿ, ಯಂತ್ರ ಕೊಟ್ಟ ಮೂಲ ಫೈಲನ್ನೂ ಜೊತೆಗಿಡಬೇಕು. ಸಂಶೋಧನಾ ಫೈಲುಗಳ ಆನ್‌ಲೈನ್ ಭಂಡಾರವಾದ ಝೆನೋಡೋಗೆ ಹಾಕಿದರೆ ಡಿಒಐ ಎಂಬ ಶಾಶ್ವತ ಗುರುತುಸಂಖ್ಯೆ ಸಿಗುತ್ತದೆ. ತಿದ್ದಿದರೆ ಹೊಸ ಆವೃತ್ತಿ, ಹಳೆಯದೂ ಅಲ್ಲೇ ಇರುತ್ತದೆ. ಹೇಗೆ ಬಳಸಬಹುದೆಂದು ಹೇಳುವ ಲೈಸೆನ್ಸ್ ನಮೂದಿಸದಿದ್ದರೆ ಓದಿದವರಿಗೆ ಬಳಸಲು ಧೈರ್ಯ ಬರುವುದಿಲ್ಲ.

ರೋಗಿಯ ಗುರುತು ಸಿಗುವ ಮಾಹಿತಿಯನ್ನು ಮಾತ್ರ ಹಾಗೇ ಹಾಕಕೂಡದು. ಪೇಟೆಂಟ್ ಯೋಚನೆಯಿದ್ದರೆ ಅರ್ಜಿ ಮೊದಲು, ಬಹಿರಂಗವಾದದ್ದು ಹೊಸದೆನಿಸಿಕೊಳ್ಳುವುದಿಲ್ಲ.

ನಿನ್ನೆ ಎರಡೂ ಪುಟ ಸ್ಕ್ಯಾನ್ ಆಗಿ ಒಳಸೇರಿದವು. 17ನೇ ಪುಟದ ಅಂಚಿನಲ್ಲಿ ಅವನೇ ಬರೆದಿದ್ದಾನೆ: "ಕಾರಣಕ್ಕೆ ಪುಟ 15 ನೋಡಿ."