ಅಕ್ಕೋರು ತಲೆ ಎಣಿಸಿದ್ದು

ಮುಂದಿನ ಜನಗಣತಿ 2027ಕ್ಕಂತೆ, ಅದೂ ಮೊಬೈಲಿನಲ್ಲಿ. ಶಾಲೆಯ ಟೀಚರ್ ಕೆಲಸದಿಂದ ನಿವೃತ್ತಳಾಗಿ ಬಚಾವಾದೆ. 2001ರಲ್ಲಿ, ಮತ್ತೆ 2011ರಲ್ಲಿ ಹುಬ್ಬಳ್ಳಿಯ ಓಣಿ ಓಣಿ ತಿರುಗಿ ತಲೆ ಎಣಿಸಿದವಳು ನಾನು. ಫೆಬ್ರವರಿ ಬಿಸಿಲು, ನಮ್ಮೂರಿನ ಧೂಳು, ಬಗಲಲ್ಲಿ ಹಾಳೆಗಳ ಕಟ್ಟು. ಶಾಲೆ ಬಿಟ್ಟ ಮೇಲೆ ಹೊರಟರೆ ಕತ್ತಲಾಗುವವರೆಗೂ ಬಾಗಿಲು ಬಡಿಯುವುದೇ ಕೆಲಸ.

ಹೆಸರು, ವಯಸ್ಸು ಬರೆಯುವುದು ಸಲೀಸು. ವಯಸ್ಸೂ ಅಷ್ಟು ಸಲೀಸಲ್ಲ ಬಿಡಿ. ಮುದುಕರೆಲ್ಲ ಅರವತ್ತು, ಇಲ್ಲಾ ಎಪ್ಪತ್ತು. ಅರವತ್ಮೂರರ ಅಜ್ಜ ನನಗೆ ಒಬ್ಬನೂ ಸಿಗಲಿಲ್ಲ. ಆದರೆ ನಿಜವಾಗಿ ತಡವಾಗುತ್ತಿದ್ದದ್ದು ಮಾತೃಭಾಷೆಯ ಕಾಲಂನಲ್ಲಿ. ಅಲ್ಲಿ ಒಂದೇ ಭಾಷೆ ಬರೆಯಬೇಕು. ಬರುವ ಬೇರೆ ಭಾಷೆಗಳಿಗೆ ಪಕ್ಕದಲ್ಲಿ ಜಾಗವಿತ್ತು, ಅದೂ ಎರಡಕ್ಕೆ ಮಾತ್ರ.

ಕಮರಿಪೇಟೆಯ ಒಂದು ಮನೆ. ಅಜ್ಜಿ ಸೊಸೆಗೆ ಚಹಾ ಇಡಲು ಹೇಳಿದ್ದು ಸಾವಜಿ ಮಾತಿನಲ್ಲಿ. ಬಾಗಿಲಿಗೆ ಬಂದ ಬಾಳೆಹಣ್ಣಿನವನ ಹತ್ತಿರ ಚೌಕಾಶಿ ಮಾಡಿದ್ದು ಉರ್ದುವಿನಲ್ಲಿ. ನನ್ನ ಜೊತೆ ಕನ್ನಡ. ಯಾವುದು ಬರೆಯಲಿ ಅಂದರೆ, "ಎಲ್ಲಾ ಬರ್ಕೊರಿ ಅಕ್ಕೋರ, ಯಾಕ ಬಿಡ್ತೀರಿ?" ಅಂದಳು. ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ತಮಿಳು, ತೆಲುಗು. ತಾತನ ಕಾಲಕ್ಕೆ ರೈಲ್ವೆ ಕಾರ್ಖಾನೆಗೆಂದು ಬಂದು ಇಲ್ಲೇ ಉಳಿದವರು. ಮನೆಮಾತು ಏನೇ ಇರಲಿ, ಬೈಗುಳ ಮಾತ್ರ ಅಚ್ಚ ಹುಬ್ಬಳ್ಳಿಯದು.

ಇನ್ನೊಂದು ಇವತ್ತಿಗೂ ಕೊರೆಯುತ್ತದೆ. ಹೊಸ ಬಡಾವಣೆಯಲ್ಲಿ ಕಟ್ಟಡ ಕೆಲಸದ ಶೆಡ್ಡು. ಮುಂಡರಗಿ ಕಡೆಯ ತಾಂಡಾದ ಹೆಣ್ಣುಮಗಳು "ಲಂಬಾಣಿ" ಅಂದಳು, ಹಾಗೇ ಬರೆದೆ. ಆಮೇಲೆ ಗೊತ್ತಾಯಿತು, ಗಣತಿಯ ಕೋಷ್ಟಕದಲ್ಲಿ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿ ಕೂಡಿಸುತ್ತಾರೆ. 2011ರಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಜಾಸ್ತಿ ಜನ ಲಂಬಾಣಿ ಅಂತ ಬರೆಸಿದ್ದರು. ಅಷ್ಟೂ ಮಂದಿ ಹಿಂದಿ ಲೆಕ್ಕಕ್ಕೆ ಹೋದರು. ಆಕೆಗೆ ಹಿಂದಿಯಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲ.

ಊರು ಬೆಳೆದ ಲೆಕ್ಕ ಇನ್ನೊಂದು ಮಜಾ. ಹುಬ್ಬಳ್ಳಿ-ಧಾರವಾಡ ಕೂಡಿ 1991ರಲ್ಲಿ 6.48 ಲಕ್ಷ ಜನ, 2001ರಲ್ಲಿ 7.86 ಲಕ್ಷ, 2011ರಲ್ಲಿ 9.43 ಲಕ್ಷ. ಬೆಳೆದ ವೇಗ ಶೇ 21ರಿಂದ ಶೇ 20ಕ್ಕೆ ಇಳಿಯಿತು. ತಲೆ ಎಣಿಸಿದರೆ ಮಾತ್ರ ಮೊದಲ ಹತ್ತು ವರ್ಷಕ್ಕಿಂತ ಎರಡನೆಯ ಹತ್ತು ವರ್ಷದಲ್ಲೇ ಜಾಸ್ತಿ ಜನ ಸೇರಿದ್ದಾರೆ. ಭಾಷಣ ಮಾಡುವವರು ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ, ಅಷ್ಟೇ. ಧಾರವಾಡಕ್ಕೆ ಬೇರೆ ಪಾಲಿಕೆ ಅಂತ ಹೊರಟಿದ್ದಾರಲ್ಲ, 1962ರಿಂದ ಕೂಡಿಸಿಕೊಂಡು ಬಂದ ಈ ಲೆಕ್ಕವೂ ಆಗ ಎರಡು ಹೋಳು.

ಅದೇ 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಉಬ್ಬಿತು. ಅದರಲ್ಲಿ ನನ್ನ ಮಗನೂ ಒಬ್ಬ. ನಾನು ಇಲ್ಲಿ ಮಂದಿಯ ಮನೆಯ ತಲೆ ಎಣಿಸುವಾಗ ಅವನನ್ನು ಅಲ್ಲಿ ಯಾರೋ ಟೀಚರ್ ಎಣಿಸಿಕೊಂಡು ಹೋಗಿದ್ದರು.

ಸೊಸೆ ಕಾರವಾರದವಳು. ಚಿಕ್ಕಂದಿನಲ್ಲಿ ತಾಯಿ ಮಗುವಿನ ಜೊತೆ ಆಡಿದ ಮಾತೇ ಮಾತೃಭಾಷೆ, ಗಣತಿಯ ನಿಯಮ ಅದು. ಮೊನ್ನೆ ಫೋನಿನಲ್ಲಿ, ಮೊಮ್ಮಗಳಿಗೆ ಏನು ಬರೆಸುತ್ತೀ ಅಂತ ಸುಮ್ನೆ ಕೇಳಿದೆ.

"ಕೊಂಕಣಿ ಅಲ್ವಾ ಅತ್ತೆ? ಸಿಟ್ಟು ಬಂದಾಗ ಮಾತ್ರ ಇಂಗ್ಲಿಷ್."

ನಿಯಮ ನಿಯಮವೇ. ಕೊಂಕಣಿಯನ್ನೇ ಬರೆಸು ಅಂದೆ. ಪಕ್ಕದ ಕಾಲಂನಲ್ಲಿ ಎರಡು ಭಾಷೆಗೆ ಜಾಗ ಇರುತ್ತೆ, ಮೊದಲನೆಯದರಲ್ಲಿ ಕನ್ನಡ ಬರೆಸೋದು ಮರೀಬೇಡ ಅಂತ ಎರಡು ಸಲ ಹೇಳಿ ಫೋನ್ ಇಟ್ಟೆ.