ಕಿರುಚಿತ್ರದ ಡೈರಿ: ಪಾಸ್‌ಪೋರ್ಟ್ ಕೈ ಬದಲಾದ ದಿನ

ಭಾನುವಾರ ಮಂಗಳೂರಿನ ಕುಲಶೇಖರದ ಹಂಚಿನ ಮನೆಯಲ್ಲಿ ಮೂರನೇ ದಿನದ ಶೂಟಿಂಗ್ ಮುಗಿಯಿತು. 14 ನಿಮಿಷದ ಚಿತ್ರದಲ್ಲಿ ಸುಮಾರು 9 ನಿಮಿಷ ಈಗ ಕೈಯಲ್ಲಿದೆ. ಗಲ್ಫ್‌ನಲ್ಲಿ ಮನೆಕೆಲಸ ಕೊಡಿಸುತ್ತೇನೆಂದು ನಂಬಿಸಿ ಹುಡುಗಿಯೊಬ್ಬಳನ್ನು ಸಾಗಿಸುವ ಕಥೆ. ಮಾತೆಲ್ಲ ತುಳುವಿನಲ್ಲಿ.

ಮೊದಲು ಬರೆದ ಏಜೆಂಟನಿಗೆ ಕಪ್ಪು ಕನ್ನಡಕ, ಒರಟು ಮಾತು ಎಲ್ಲ ಇತ್ತು. ಗಲ್ಫ್‌ಗೆ ಅಂಥದ್ದೇ ಮನೆಕೆಲಸಕ್ಕೆ ಹೋಗಿ, ಹೇಗೋ ವಾಪಸ್ ಬಂದ ಅಕ್ಕ ಒಬ್ಬರಿಗೆ ಅದನ್ನು ಓದಿ ಹೇಳಿದೆ. "ಇಂಥವ ಬಂದಿದ್ರೆ ನಾನು ಹೋಗ್ತಲೇ ಇರ್ಲಿಲ್ಲ. ನಮ್ಮಲ್ಲಿಗೆ ಬಂದವ ಅಮ್ಮ ಮಾಡಿದ ನೀರುದೋಸೆ ತಿಂದು, ಅವರ ಶುಗರ್ ಎಷ್ಟಿದೆ ಅಂತ ವಿಚಾರಿಸಿ ಹೋದ" ಎಂದರು. ಅವತ್ತು ರಾತ್ರಿಯೇ ಆ ಪಾತ್ರವನ್ನು ಅಳಿಸಿದೆ. ಈಗ ಅವನು ದೂರದ ಸಂಬಂಧದ ಮಾವ. "ಯಾನ್ ಉಲ್ಲೆ ಅತ್ತಾ" ಎನ್ನುತ್ತಾನೆ. ನಾನಿದ್ದೇನಲ್ಲ ಅಂತ.

ಭಾನುವಾರದ ದೃಶ್ಯ ಇದು: ಅಮ್ಮ ಕಪಾಟಿನಿಂದ ಮಗಳ ಪಾಸ್‌ಪೋರ್ಟ್ ತೆಗೆದು ಮಾವನಿಗೆ ಕೊಡುತ್ತಾಳೆ. ಅಮ್ಮನ ಪಾತ್ರ ಮಾಡಿದವರು ತುಳು ನಾಟಕದಲ್ಲಿ ಪಳಗಿದವರು. ಪ್ರತಿ ಟೇಕಿನಲ್ಲೂ ಅವರ ಕೈ ನಡುಗುತ್ತಿತ್ತು. ಕಥೆಯ ಕೊನೆ ಅವರಿಗೆ ಗೊತ್ತಲ್ಲ! "ಅಕ್ಕ, ಅಮ್ಮನಿಗೆ ಹೆದರಿಕೆ ಇಲ್ಲ, ಖುಷಿ ಇದೆ" ಎಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಮುಂದಿನ ಟೇಕಿನಲ್ಲಿ ಪಾಸ್‌ಪೋರ್ಟನ್ನು ಸೆರಗಿನಿಂದ ಒರೆಸಿ ಕೊಟ್ಟರು. ನಾನು ಅದನ್ನು ಬರೆದಿರಲಿಲ್ಲ. ಕಟ್ ಹೇಳಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಸಾಲಿಗೆ ತುಂಬಾ ಯೋಚಿಸಿದ್ದೇವೆ. ಹತ್ತನೇ ಕ್ಲಾಸ್ ಪಾಸಾಗದವರು ಗಲ್ಫ್‌ಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಅಂಥ ಹೆಂಗಸರು ಮನೆಕೆಲಸಕ್ಕೆ ಹೋಗುವುದಾದರೆ 30 ವರ್ಷ ತುಂಬಿರಬೇಕು. ನಮ್ಮ ಹುಡುಗಿಗೆ 24. ಅದಕ್ಕೇ ಮಾವ ವಿಸಿಟ್ ವೀಸಾ ಮಾಡಿಸುತ್ತಾನೆ. "ಏರ್‌ಪೋರ್ಟಲ್ಲಿ ಕೇಳಿದ್ರೆ ಅಕ್ಕನ ಮನೆಗೆ ಅಂತ ಹೇಳು" ಎಂದು ಕಲಿಸುತ್ತಾನೆ. ವೀಸಾ ಅವಧಿ ಮುಗಿದ ಮೇಲೆ ಆ ದೇಶದಲ್ಲಿ ಅವಳೇ ತಪ್ಪಿತಸ್ಥೆ. ಪೊಲೀಸರ ಹತ್ತಿರ ಹೋಗಲೂ ಹೆದರಿಕೆ. ಬಾಗಿಲಿಗೆ ಬೀಗವೇ ಬೇಡ.

"ಅವಳೇ ಒಪ್ಪಿ ಹೋದದ್ದಲ್ವಾ?" ಎಂದು ನಮ್ಮ ಕ್ಯಾಮೆರಾದ ಹುಡುಗನೇ ಕೇಳಿದ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ತೆರೆದು ತೋರಿಸಿದೆ. ಮೋಸ ಮಾಡಿ, ದುಡಿಸಿಕೊಳ್ಳಲು ಸಾಗಿಸಿದರೆ ಸಂತ್ರಸ್ತರು ಒಪ್ಪಿದ್ದರು ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಕನಿಷ್ಠ 7 ವರ್ಷ ಜೈಲು. ಅವನ ಪ್ರಶ್ನೆಯನ್ನು ಈಗ ಪಕ್ಕದ ಮನೆಯವರ ಬಾಯಲ್ಲಿ ಇಟ್ಟಿದ್ದೇನೆ. ನೋಡುವವರಲ್ಲೂ ಜಾಸ್ತಿ ಜನ ಅದನ್ನೇ ಕೇಳುತ್ತಾರೆ.

ಮಧ್ಯಾಹ್ನದ ಮಳೆಗೆ ಹಂಚಿನ ಸದ್ದು ಜೋರಾಗಿ ಎರಡು ದೃಶ್ಯದ ಮಾತು ಕೆಟ್ಟಿದೆ, ಡಬ್ ಮಾಡಬೇಕು.

ವಿಮಾನ ನಿಲ್ದಾಣದ ಒಳಗೆ ಚಿತ್ರೀಕರಣ ಇಲ್ಲ. ಶನಿವಾರ ನಸುಕಿನಲ್ಲಿ ನಿಲ್ದಾಣವಿರುವ ಕೆಂಜಾರಿನ ಗುಡ್ಡ ಹತ್ತುವ ಕಾರಿನ ಹಿಂದಿನ ಸೀಟು ಮಾತ್ರ. ಗಲ್ಫ್‌ನಿಂದ ವಾಪಸ್ ಬಂದ ಆ ಅಕ್ಕನೂ ಬರುತ್ತೇನೆ ಎಂದಿದ್ದಾರೆ. ಹುಡುಗಿ ಬ್ಯಾಗನ್ನು ಹೇಗೆ ಹಿಡಿದು ಕೂರುತ್ತಾಳೆ ಎಂದು ಅವರೇ ತೋರಿಸುತ್ತಾರಂತೆ.