ಡೆಲವೇರ್ ನದಿಯ ಮೇಲೆ ತೂಗಿದ ಕಾಲುವೆ

“ಮರವೆಲ್ಲ ಹೊಸದು, ನೀರಿಲ್ಲ, ದೋಣಿಯಿಲ್ಲ, ಕಾರು ಓಡ್ತಾ ಇದೆ. ಮತ್ತೆ ಇದರಲ್ಲಿ ಹಳೆಯದು ಯಾವುದಪ್ಪಾ?” ಎಂದು ಮಗಳು ಕೇಳಿದಾಗ ನಾವು ಪೆನ್ಸಿಲ್ವೇನಿಯಾದ ಲ್ಯಾಕವಾಕ್ಸೆನ್‌ನಿಂದ ನ್ಯೂಯಾರ್ಕ್ ರಾಜ್ಯದ ದಡದತ್ತ, ಕಾಲುವೆಯ ನೀರನ್ನು ನದಿಯ ಮೇಲಿನಿಂದ ದಾಟಿಸಲು ಕಟ್ಟಿದ್ದ ಡೆಲವೇರ್ ಮೇಲ್ಗಾಲುವೆಯ (ಅಕ್ವಿಡಕ್ಟ್) ಕಾಲುಹಾದಿಯಲ್ಲಿ ನಡೆಯುತ್ತಿದ್ದೆವು. ಅಮೆರಿಕದಲ್ಲಿ ಉಳಿದಿರುವ ತಂತಿಯ ತೂಗುಸೇತುವೆಗಳಲ್ಲಿ ಇದೇ ಅತ್ಯಂತ ಹಳೆಯದೆಂದು ದಾರಿಯುದ್ದಕ್ಕೂ ಹೊಗಳಿಕೊಂಡು ಬಂದಿದ್ದ ನನಗೆ ಆ ಪ್ರಶ್ನೆ ಸ್ವಲ್ಪ ಚುಚ್ಚಿತು.

ಮುಂದೆ ಬ್ರೂಕ್ಲಿನ್ ಸೇತುವೆಯಿಂದ ಹೆಸರಾದ ಜಾನ್ ರೋಬ್ಲಿಂಗ್ ಇದನ್ನು 1847ರಲ್ಲಿ ಕಟ್ಟಲಾರಂಭಿಸಿದ್ದು ಜನರ ಓಡಾಟಕ್ಕಲ್ಲ, ನೀರಿಗಾಗಿ. ಪೆನ್ಸಿಲ್ವೇನಿಯಾದ ಕಲ್ಲಿದ್ದಲನ್ನು ಹಡ್ಸನ್ ನದಿಗೆ ಮುಟ್ಟಿಸುತ್ತಿದ್ದ ಡೆಲವೇರ್–ಹಡ್ಸನ್ ಕಾಲುವೆಯ ದೋಣಿಗಳು ಅದಕ್ಕೂ ಮುಂಚೆ ಇಲ್ಲಿ ಹಗ್ಗದ ಆಸರೆಯಿಂದ ಹೊಳೆ ದಾಟಬೇಕಿತ್ತು. ಅದೇ ಹೊಳೆಯಲ್ಲಿ ಮರದ ದಿಮ್ಮಿಗಳ ತೆಪ್ಪಗಳು ತೇಲಿ ಬಂದು ಡಿಕ್ಕಿ ಹೊಡೆಯುತ್ತಿದ್ದವು. ಕಲ್ಲಿನ ಕಮಾನುಗಳನ್ನು ಕಟ್ಟಿದರೆ ನದಿಯ ನಡುವೆ ಹೆಚ್ಚು ಕಂಬಗಳು ಬೇಕು, ಕಂಬ ಹೆಚ್ಚಿದಷ್ಟೂ ತೆಪ್ಪಗಳಿಗೂ ಚಳಿಗಾಲದ ಮಂಜುಗಡ್ಡೆಗಳಿಗೂ ಅಡ್ಡಿ. ರೋಬ್ಲಿಂಗ್ ನದಿಯಲ್ಲಿ ಮೂರೇ ಕಂಬಗಳನ್ನು ನಿಲ್ಲಿಸಿ, 535 ಅಡಿ ಉದ್ದದ ಮರದ ತೊಟ್ಟಿಯನ್ನು ಎರಡು ಕೇಬಲ್ಲುಗಳಿಂದ ತೂಗುಹಾಕಿದರು. ಪ್ರತಿ ಕೇಬಲ್ಲಿನಲ್ಲಿ 2,150 ಕಬ್ಬಿಣದ ತಂತಿಗಳು, ಏಳು ಕಟ್ಟುಗಳಾಗಿ. ಎಲ್ಲವನ್ನೂ ಸ್ಥಳದಲ್ಲೇ ಎಳೆದು ಜೋಡಿಸಿದ್ದು.

ನಮ್ಮ ತೋಟದಲ್ಲಿ ಅಬ್ಬಿಯ ನೀರು ತರುತ್ತಿದ್ದ ಅಡಿಕೆ ಮರ ಸೀಳಿ ಮಾಡಿದ ದಂಬೆಯನ್ನು ನೋಡಿ ಬೆಳೆದ ನನಗೆ ನೀರಿನ ಭಾರ ಗೊತ್ತು. ಆದರೆ ಆ ನೀರಿನ ಮೇಲೆ ಕಲ್ಲಿದ್ದಲು ತುಂಬಿದ ದೋಣಿಯೂ ಬಂದರೆ? ಲೆಕ್ಕ ಸೊಗಸಾಗಿದೆ: ದೋಣಿ ತನ್ನ ತೂಕದಷ್ಟೇ ನೀರನ್ನು ಆಚೆ ಸರಿಸುವುದರಿಂದ, ದೋಣಿ ಇದ್ದರೂ ಇಲ್ಲದಿದ್ದರೂ ಕೇಬಲ್ಲಿಗೆ ಬೀಳುವ ಭಾರ ಒಂದೇ. ಹಾಗಾಗಿ ಇದು ತನ್ನ ಪಾಲಿನ ಪೂರ್ಣ ಭಾರವನ್ನು ಹಗಲೂ ರಾತ್ರಿಯೂ ಹೊತ್ತೇ ನಿಂತಿತ್ತು.

1898ರಲ್ಲಿ ಕಾಲುವೆ ನಿಂತಿತು. ಅದೇ ಕಾಲುವೆಗಾಗಿ ರೋಬ್ಲಿಂಗ್ ಕಟ್ಟಿದ ಇನ್ನು ಮೂರು ತೂಗು ಮೇಲ್ಗಾಲುವೆಗಳು ಈಗಿಲ್ಲ. ಇದು ಮಾತ್ರ ಉಳಿದದ್ದು ಭಕ್ತಿಯಿಂದಲ್ಲ. ಯಾರೋ ಕೊಂಡುಕೊಂಡು ಸುಂಕ ವಸೂಲಿಯ ರಸ್ತೆ ಸೇತುವೆ ಮಾಡಿದ್ದರಿಂದ. 1980ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಇದನ್ನು ಕೊಂಡಿತು. ನನಗೆ ಇಷ್ಟವಾದದ್ದು ಅವರ ಮುಂದಿನ ಹೆಜ್ಜೆ: ಹಳೆಯ ಕಬ್ಬಿಣವೆಂದು ಕಿತ್ತೊಗೆಯಲೂ ಇಲ್ಲ, ಹಳೆಯದೆಂಬ ಒಂದೇ ಕಾರಣಕ್ಕೆ ನಂಬಲೂ ಇಲ್ಲ. 1983ರಲ್ಲಿ ಕೇಬಲ್ಲುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಇನ್ನೂ ಕೆಲಸಕ್ಕೆ ಯೋಗ್ಯವೆಂದು ಖಾತ್ರಿಯಾದ ಮೇಲೆ ಅವನ್ನೇ ಉಳಿಸಿಕೊಂಡರು. ಕೊಳೆತು ಹೋಗಿದ್ದ ಮರದ ಭಾಗವನ್ನು 1986ರಲ್ಲಿ ರೋಬ್ಲಿಂಗ್ ಅವರ ಮೂಲ ನಕ್ಷೆ, ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಹೊಸದಾಗಿ ಕಟ್ಟಿದರು.

ಮಗಳನ್ನು ಕೇಬಲ್ಲಿನ ಬಳಿಗೆ ಕರೆದು “ಹಳೆಯದು ಇದು” ಎಂದೆ. ಎಂಟೂವರೆ ಇಂಚು ದಪ್ಪದ ಅದನ್ನು ಅವಳು ಎರಡೂ ಅಂಗೈಗಳಿಂದ ತಬ್ಬಿ ಹಿಡಿದರೂ ಸುತ್ತು ಮುಗಿಯಲಿಲ್ಲ. “ಹಾಗಾದರೆ ಹೊರುವುದು ಹಳೆಯದು, ಕಾಣುವುದು ಹೊಸದು” ಎಂದಳು.

ನಮ್ಮೂರ ದೇವಸ್ಥಾನದಲ್ಲಿ ಆಗಿದ್ದು ಇದರ ತಿರುವುಮುರುವು. ಸುತ್ತುಪೌಳಿಯ ಮರದ ತೊಲೆಗಳು, ಬೋದಿಗೆಗಳು ಹುಳ ಹಿಡಿದಿವೆಯೋ ಇಲ್ಲವೋ ಎಂದು ಒಬ್ಬ ಬಡಗಿಯಿಂದಲೂ ತಟ್ಟಿ ನೋಡಿಸದೆ, ಜೀರ್ಣೋದ್ಧಾರದ ಹೆಸರಿನಲ್ಲಿ ಎಲ್ಲವನ್ನೂ ಇಳಿಸಿ ಕಾಂಕ್ರೀಟು ಹಾಕಿದರು. ಅಜ್ಜ ಒರಗಿ ಕೂರುತ್ತಿದ್ದ ಕಂಬವೂ ಹೋಯಿತು. ಬ್ರಹ್ಮಕಲಶಕ್ಕೆ ಹೊರನಾಡಿನಿಂದ ಹೋದ ಹಣದಲ್ಲಿ ನನ್ನದೂ ಸೇರಿತ್ತು. ದೂರುವುದಕ್ಕೆ ನನಗೆ ಪೂರ್ತಿ ಹಕ್ಕಿಲ್ಲ. ಈಗ ಗೋಪುರದ ಸರದಿಯಂತೆ, ಮತ್ತೆ ವಂತಿಗೆಯ ಪತ್ರ ಬಂದಿದೆ. ಹಣ ಕಳಿಸುವಾಗ ಈ ಸಲ ಸಮಿತಿಯ ಹಿರಿಯರಿಗೆ ವಿನಯದಿಂದಲೇ ಬರೆದೆ: ಇಳಿಸುವ ಮೊದಲು ಇದ್ದದ್ದನ್ನು ಅಳತೆ ಮಾಡಿಸಿ ನಕ್ಷೆ ತೆಗೆಸುವಿರಾ, ಗಟ್ಟಿಯಿರುವ ಮರವನ್ನು ಹಾಗೆಯೇ ಬಿಡುವಿರಾ ಎಂದು. ರಸೀದಿ ಮರುದಿನವೇ ಬಂತು, ಪ್ರಶ್ನೆಗೆ ಉತ್ತರ ಬಂದಿಲ್ಲ.